ಗರಿಯಿಲ್ಲದ ನವಿಲು ಮತ್ತು ನನ್ನ ರ್‍ಯಾಮ್ ದುರಸ್ತಿ

ಮನೆಯ ಕಂಪ್ಯೂಟರ್‌ಗೆ ರ್‍ಯಾಮ್ ಹಾಕುವ ಕೆಲಸವನ್ನು ನಾನೇ ಮಾಡುತ್ತೇನೆಂದು ಘೋಷಿಸಿದಾಗ ನನ್ನ ಹೆಂಡತಿ ಗಿರಿಜಾ ಯಾಕೋ ಸಂತೋಷಪಡಲಿಲ್ಲ. ಹಿಂದೊಮ್ಮೆ ಮಿಕ್ಸಿ ರಿಪೇರಿಯನ್ನೂ ನಾನೇ ಮಾಡಿದ್ದೆ. ಆಮೇಲೆ ಹೊಸ ಮಿಕ್ಸಿ ತಂದೆವು.

ಈ ಸಲದ ವಿಷಯ ಮಿಕ್ಸಿಗಿಂತ ಗಂಭೀರವಾದದ್ದು. ಜೀವನ್ ಬಿಮಾ ನಗರದ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಗಿರಿಜಾ ರವಿಕೆಗಳಿಗೆ ಕಸೂತಿ ವಿನ್ಯಾಸ ಮಾಡುತ್ತಾಳೆ. ಅವಳು ಕಂಪ್ಯೂಟರ್‌ನಲ್ಲಿ ಬಿಡಿಸಿ ಕಳಿಸಿದ್ದನ್ನು ಎಂಬ್ರಾಯ್ಡರಿ ಅಂಗಡಿಯ ಮೆಷಿನ್ ಹೊಲಿಯುತ್ತದೆ. ಮೇಲಿನ ಮನೆಯ ಸೆಲ್ವಿ ಅಕ್ಕನ ಮಗಳು ರೇವತಿಗೆ ಭಾನುವಾರ ಹಲಸೂರಿನ ಛತ್ರದಲ್ಲಿ ಮದುವೆ. ಮದುಮಗಳ ರವಿಕೆಯ ಬೆನ್ನಿಗೆ ಗರಿ ಬಿಚ್ಚಿದ ನವಿಲು ಬರಬೇಕು. ಗುರುವಾರ ಸಂಜೆಯೊಳಗೆ ವಿನ್ಯಾಸ ಅಂಗಡಿಗೆ ತಲುಪಬೇಕು. ಗಿರಿಜಾ ಮಾತು ಕೊಟ್ಟಿದ್ದಳು. ಆದರೆ ನಮ್ಮ ಕಂಪ್ಯೂಟರ್ ನವಿಲಿನ ಕೊಕ್ಕು, ಕತ್ತು, ಹೊಟ್ಟೆ ತೋರಿಸಿ, ಗರಿ ಬರುವಷ್ಟರಲ್ಲಿ ಮೂರ್ಛೆ ಹೋಗುತ್ತಿತ್ತು. ಅರ್ಧ ನವಿಲು ಹೊತ್ತು ಯಾವ ಹುಡುಗಿ ಹಸೆಮಣೆ ಏರುತ್ತಾಳೆ?

ಶಿವಾಜಿನಗರದ ಅಂಗಡಿಯಿಂದ ಎರಡು ಹೊಸ ರ್‍ಯಾಮ್ ತಂದೆ. ಬಾಚಣಿಗೆಯಂಥ ಪುಟ್ಟ ಪಟ್ಟಿಗಳು. ಕಂಪ್ಯೂಟರ್ ಕೆಲಸ ಮಾಡುವಾಗ ತನ್ನ ಸಾಮಾನು ಹರಡಿಕೊಳ್ಳುವುದು ಅವುಗಳ ಮೇಲೆಯೇ. ಒಂದೊಂದರ ಮೇಲೂ ಅದರ ವೇಗ 3200 ಎಂದು ಅಚ್ಚಾಗಿತ್ತು.

"ಹಳೇದನ್ನ ತೆಗೆದುಬಿಡ್ರೀ," ಎಂದಳು ಗಿರಿಜಾ. "ಹೊಸ ಹಿಟ್ಟಿಗೆ ಹಳೇ ಹುಳಿ ಹಿಟ್ಟು ಸೇರಿಸಿದ್ರೆ ದೋಸೆ ಎಲ್ಲಾ ಹುಳಿ ಬರತ್ತೆ."

"ಇದು ಅಡುಗೆಮನೆ ಅಲ್ಲ ಗಿರಿಜಾ, ಇಂಜಿನಿಯರಿಂಗು," ಎಂದೆ. ನಾನು ಓದಿದ್ದು ಬಿ.ಕಾಂ. "ಇಷ್ಟು ವರ್ಷ ದುಡಿದಿದೆ ಪಾಪ. ಹೊಸಬರು ಬಂದ್ರು ಅಂತ ಹೊರಗೆ ಹಾಕೋದಾ?"

ನಮ್ಮ ಮನೆಯಲ್ಲಿ ಏನನ್ನೂ ಎಸೆಯುವ ಪದ್ಧತಿಯನ್ನು ನಾನು ಇಟ್ಟುಕೊಂಡಿಲ್ಲ. ಕೆಟ್ಟ ಮಿಕ್ಸಿ ಇವತ್ತಿಗೂ ಅಟ್ಟದ ಮೇಲಿದೆ. ಹೀಗಾಗಿ ಹಿರಿಯರ ಪಕ್ಕದಲ್ಲಿ ಕಿರಿಯರಿಬ್ಬರನ್ನು ಕೂರಿಸಿ ಸ್ವಿಚ್ ಹಾಕಿದೆ. ನವಿಲು ಪೂರ್ತಿ ಬಂತು! ಗರಿ, ಕಣ್ಣು, ಕಿರೀಟ, ಎಲ್ಲವೂ. ಇನ್ನು ಬಣ್ಣ ಸರಿಮಾಡಿ ಕಳಿಸಿದರಾಯಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ನಾನು ವೇಗ ಎಷ್ಟಿದೆ ಎಂದು ನೋಡಿಬಿಟ್ಟೆ. 2133.

"ಕೆಲಸ ಆಗ್ತಿದೆಯಲ್ಲ, ಬಿಡಿ," ಎಂದಳು ಗಿರಿಜಾ.

ಬಿಡುವುದು ಹೇಗೆ? ಒಂದು ಲೀಟರ್ ಹಾಲಿಗೆ ದುಡ್ಡು ಕೊಟ್ಟು ಮುಕ್ಕಾಲು ಲೀಟರ್ ತಂದರೆ ಇವಳು ನನ್ನನ್ನು ಬಿಡುತ್ತಾಳೆಯೇ? ಮೂರೂ ಪಟ್ಟಿಗಳನ್ನು ಕಿತ್ತು, ಅವುಗಳ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಊದಿ, ಮತ್ತೆ ಸಿಕ್ಕಿಸಿದೆ. 2133. ಕಂಪ್ಯೂಟರ್‌ನ ಸೆಟ್ಟಿಂಗ್‌ಗೆ ನುಗ್ಗಿ, ಮೂರು ಸಾವಿರದ ಇನ್ನೂರರಲ್ಲೇ ಓಡತಕ್ಕದ್ದು ಎಂದು ಆಜ್ಞೆ ಮಾಡಿದೆ. ಪರದೆ ಕಪ್ಪಾಯಿತು. ಒಳಗಿನಿಂದ ಬೀಪ್, ಬೀಪ್ ಎಂದು ಕೂಗು ಎದ್ದಿತು.

ಸೆಲ್ವಿ ಅಕ್ಕ ಮೆಟ್ಟಿಲಿಳಿದು ಬಂದರು. "ಎನ್ನ ಸಾರ್, ಹಾಲ್ ಒಳಗೆ ಯಾರು ಗಾಡಿ ರಿವರ್ಸ್ ತಗೊಳ್ತಾ ಇದಾರೆ?" ಆಮೇಲೆ ಬಿಚ್ಚಿ ಹಾಕಿದ್ದ ಕಂಪ್ಯೂಟರ್ ನೋಡಿ ಅವರ ಮುಖ ಇಳಿಯಿತು. "ಗಿರಿಜಾ, ನಮ್ ರೇವತಿ ನವಿಲು ಇದರೊಳಗೇನಾ ಇರೋದು?"

"ಒಳಗೇ ಇದೆ ಅಕ್ಕ. ಇವರೂ ಒಳಗೇ ಕೈ ಹಾಕಿದಾರೆ," ಎಂದಳು ಗಿರಿಜಾ. ಅವಳ ದನಿಯಲ್ಲಿ ಅಳು ಹತ್ತಿರವಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಒಳಗೊಂದು ಬಿಲ್ಲೆಯಂಥ ಬ್ಯಾಟರಿ ಇರುತ್ತದೆ. ಅದನ್ನು ತೆಗೆದು ಹಾಕಿದರೆ ಸೆಟ್ಟಿಂಗ್ ಎಲ್ಲ ಮೊದಲಿನಂತಾಗುತ್ತದೆಂದು ಮೊಬೈಲ್ ಹೇಳಿತು. ತೆಗೆದು ಹಾಕಿದೆ. ಕಂಪ್ಯೂಟರ್‌ಗೆ ಜೀವ ಬಂತು, ಆದರೆ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಕಸೂತಿ ಸಾಫ್ಟ್‌ವೇರ್ ಆ ದಿನಾಂಕ ನೋಡಿ, ಅಂದಿಗೆ ನಾವು ಅದನ್ನು ಕೊಂಡೇ ಇರಲಿಲ್ಲವಾದ್ದರಿಂದ, ಬಾಗಿಲು ತೆಗೆಯಲು ನಿರಾಕರಿಸಿತು. ಅದನ್ನು ವರ್ತಮಾನಕ್ಕೆ ಎಳೆದು ತರುವಷ್ಟರಲ್ಲಿ ಬುಧವಾರ ಮುಗಿದಿತ್ತು. ವೇಗ ಮಾತ್ರ ಅದೇ 2133.

ಅಂದರೆ ಮಾಲೇ ನಕಲಿ! ಗುರುವಾರ ಬೆಳಿಗ್ಗೆ ಹೊಸ ಪಟ್ಟಿಗಳೆರಡನ್ನೂ ಕಿತ್ತು ಜೇಬಿಗಿಟ್ಟೆ.

"ನಾನು ಯಾತರಲ್ಲಿ ಕೆಲಸ ಮಾಡ್ಲಿ?" ಎಂದಳು ಗಿರಿಜಾ. ಹಳೆಯದು ಒಂದೇ ಉಳಿದರೆ ಮತ್ತೆ ಅರ್ಧ ನವಿಲೇ ಗತಿ.

"ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ," ಎಂದು ಬಸ್ ಹತ್ತಿದೆ. ಹಲಸೂರಿನಲ್ಲೇ ಅರ್ಧ ಬೆಳಿಗ್ಗೆ ಕಳೆಯಿತು. ನಿಂತ ಬಸ್ಸಿನಲ್ಲಿ ಜಗಳದ ಮಾತುಗಳನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡೆ.

ಅಂಗಡಿಯವನು ಜಗಳವಾಡಲೇ ಇಲ್ಲ. ನನ್ನ ಪಟ್ಟಿಗಳನ್ನು ತನ್ನ ಕಂಪ್ಯೂಟರ್‌ಗೆ ಹಾಕಿ ಪರದೆ ತಿರುಗಿಸಿದ. "ನೋಡಿ ಸಾರ್, ಬರೋಬರ್ ಮೂರು ಸಾವಿರದ ಇನ್ನೂರು. ಗಡ್‌ಬಡ್ ನಿಮ್ಮ ಮನೇಲಿದೆ." ಉಳಿದ ಗಿರಾಕಿಗಳು ನನ್ನನ್ನು ನೋಡಿದರು. ನಾನು ಮೊಬೈಲ್ ನೋಡಿದೆ.

ಮನೆಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಸೆಲ್ವಿ ಅಕ್ಕ ನಮ್ಮ ಸೋಫಾದಲ್ಲಿ ಸೆರಗು ಹಿಂಡುತ್ತಾ ಕೂತಿದ್ದರು. ಗಿರಿಜಾ ಗಡಿಯಾರದ ಕಡೆ ಕೈ ತೋರಿಸಿದಳು. ಬೆವರುತ್ತಾ, ಅತ್ತಿತ್ತ ನೋಡದೆ ಪಟ್ಟಿಗಳನ್ನು ಸಿಕ್ಕಿಸಿ, ಸೋತವನ ಕೊನೆಯ ಹಟದಲ್ಲಿ ಮತ್ತೊಮ್ಮೆ 3200ರ ಆಜ್ಞೆ ಕೊಟ್ಟು ಕಣ್ಣು ಮುಚ್ಚಿದೆ. ಬೀಪ್ ಇಲ್ಲ. ಕಣ್ಣು ಬಿಟ್ಟರೆ 3200! ನವಿಲು ನಿಮಿಷದೊಳಗೆ ಗರಿ ಬಿಚ್ಚಿ ನಿಂತಿತು. ಗಿರಿಜಾ ಬಣ್ಣ ಸರಿಮಾಡಿ, ಹೊತ್ತು ಮುಳುಗುವ ಮೊದಲೇ ಅಂಗಡಿಗೆ ಕಳಿಸಿದಳು.

ನಾನು ಸುಮ್ಮನಿರಬಹುದಿತ್ತು. ಸೆಲ್ವಿ ಅಕ್ಕ ಕಾಫಿ ಕುಡಿಯುತ್ತಿರಲು, ಯಂತ್ರಗಳನ್ನು ಪಳಗಿಸುವ ಕಲೆಯ ಬಗ್ಗೆ ಉಪನ್ಯಾಸ ಶುರುಮಾಡಿದೆ. "ಅದಕ್ಕೆ ಒಂದು ಕೈಗುಣ ಬೇಕು ಅಕ್ಕ. ಹೆದರಿಸಬಾರದು, ಒಲಿಸ್ಕೋಬೇಕು."

"ರೀ," ಎಂದು ಅಡುಗೆಮನೆಯಿಂದ ಗಿರಿಜಾ ಕರೆದಳು. "ಸ್ವಲ್ಪ ಆ ಸಾಸಿವೆ ಡಬ್ಬಿ ತೆಗೀರಿ."

ತೆಗೆದೆ. ಸಾಸಿವೆಯ ಮೇಲೆ ನಮ್ಮ ಹಳೆಯ ರ್‍ಯಾಮ್ ಆರಾಮವಾಗಿ ಮಲಗಿತ್ತು.

"ನೀವು ಬಸ್ ಹತ್ತಿದ ತಕ್ಷಣ ಕಿತ್ತಿಟ್ಟೆ. ಹುಳಿ ಹಿಟ್ಟು," ಎಂದಳು. ಸೆಲ್ವಿ ಅಕ್ಕನಿಗೆ ಕಾಫಿ ನೆತ್ತಿಗೇರಿತು.

ಆಮೇಲೆ ಓದಿ ತಿಳಿದುಕೊಂಡೆ: ಜೊತೆಗೆ ಕೂತ ರ್‍ಯಾಮ್‌ಗಳೆಲ್ಲ ತಮ್ಮಲ್ಲಿ ನಿಧಾನವಾದದ್ದರ ವೇಗಕ್ಕೇ ನಡೆಯುತ್ತವೆ. ಒಂದರಿಂದಾಗಿ ಎಲ್ಲವೂ ಹಿಂದೆ.

ಭಾನುವಾರ ಮುಹೂರ್ತ ಹತ್ತಿರವಾಗುತ್ತಿತ್ತು. ಗಿರಿಜಾ ರೇಷ್ಮೆ ಸೀರೆಯಲ್ಲಿ ಆಟೋ ಹತ್ತಿ ಕೂತಾಗಿತ್ತು. ನಾನು ಬೆಲ್ಟ್ ಹುಡುಕುತ್ತಿದ್ದೆ. ಆಟೋದವನು ಹಾರ್ನ್ ಒತ್ತಿದ.

"ಸ್ವಲ್ಪ ತಡೀರಿ ಅಣ್ಣ," ಎಂದು ಗಿರಿಜಾ ಹೇಳುವುದು ಒಳಗೆ ಕೇಳಿಸಿತು. "ಜೊತೆಗೆ ಹೋಗ್ಬೇಕು ಅಂದ್ರೆ ನಿಧಾನ ಇರೋರ ಸ್ಪೀಡಲ್ಲೇ ಹೋಗ್ಬೇಕು."

ನಾನು ಬೆಲ್ಟ್ ಹುಡುಕುವುದನ್ನು ಮುಂದುವರಿಸಿದೆ. ಸಾಸಿವೆ ಡಬ್ಬಿಯಲ್ಲಿ ನಾನು ಹಿಡಿಸುವುದಿಲ್ಲ ಎಂಬುದೊಂದೇ ಸದ್ಯಕ್ಕೆ ನನ್ನ ಧೈರ್ಯ.