ನಮ್ಮ ಬೆಕ್ಕಿನ ಸಸ್ಯಾಹಾರ ದೀಕ್ಷೆ

"ಎಂಟೇ ದಿನದಲ್ಲಿ ಈ ಬೆಕ್ಕನ್ನು ಶುದ್ಧ ಸಸ್ಯಾಹಾರಿ ಮಾಡದಿದ್ದರೆ ನಾನು ಯಜ್ಞೇಶ್ವರ ಹೆಗಡೆಯೇ ಅಲ್ಲ!" ಎಂದು ಕಾರವಾರದ ಹಬ್ಬುವಾಡದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತು ಘರ್ಜಿಸಿದೆ.

ಕಾರಣವಿತ್ತು. ನಮ್ಮ ಬೆಕ್ಕು ಮಲ್ಲಿಯ ತಟ್ಟೆಗೆ ಒಂದು ವರ್ಷದಿಂದ ಪ್ಯಾಕೆಟ್ ಆಹಾರ ಹಾಕುತ್ತಿದ್ದೆವು. ಅದು ಬಿಸ್ಕತ್ತಿನದೇ ಒಂದು ಜಾತಿ ಎಂದು ನಾನು ನಂಬಿದ್ದೆ. ಅವತ್ತು ಹೊಸ ಕನ್ನಡಕ ಬಂದ ಹುರುಪಿನಲ್ಲಿ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದಿದರೆ, ಮೊದಲ ಹೆಸರೇ ಕೋಳಿ ಮಾಂಸದ ಪುಡಿ! ಕೆಳಗೆ ಮೀನೆಣ್ಣೆ! ಮೊಟ್ಟೆಯೂ ಹೊಸಿಲು ದಾಟದ ಮನೆಯಲ್ಲಿ, ಹಪ್ಪಳದ ಡಬ್ಬದ ಪಕ್ಕದಲ್ಲೇ ಕೋಳಿ ಸಂಸಾರ ಹೂಡಿತ್ತು!

ಹೆಂಡತಿ ವಸುಮತಿ ತಿರುಗಿಯೂ ನೋಡಲಿಲ್ಲ. "ಅದು ಬೆಕ್ಕು. ಅದಕ್ಕೆಂತಾ ಮಡಿ ಮೈಲಿಗೆ ಇದ್ದಾ?"

"ಕಾಲೇಜಲ್ಲಿ ಕೆಮಿಸ್ಟ್ರಿ ಕಲಿಸೂದು ಯಾರು? ಪ್ರೋಟೀನ್ ಎಲ್ಲಿಂದ ಬಂದ್ರೂ ಪ್ರೋಟೀನೇ!"

ಸೋಯಾ, ಓಟ್ಸ್, ಕುಂಬಳಕಾಯಿ ಬೇಯಿಸಿ, ಅರ್ಧ ಲೀಟರ್ ಹಾಲು ಸುರಿದು, ತುಪ್ಪದ ಒಗ್ಗರಣೆ ಕೊಟ್ಟು ಪಾಕ ಇಳಿಸಿದೆ. ಮಲ್ಲಿ ಮೂಸಿದಳು. ನನ್ನ ಮುಖ ನೋಡಿದಳು. ಬೇರೇನೂ ಸಿಗುವುದಿಲ್ಲವೆಂದು ಖಾತ್ರಿಯಾದ ಮೇಲೆ, ಹಾಲಿನ ಆಸೆಗೆ ತಟ್ಟೆ ನೆಕ್ಕಿದಳು.

"ನೋಡು!" ಎಂದು ನಾನು ಮೀಸೆ ತಿರುವಿದೆ.

ಫಲಿತಾಂಶ ಮರುದಿನ ಬೆಳಿಗ್ಗೆಯೇ ಪ್ರಕಟವಾಯಿತು! ಮೇಜಿನ ಮೇಲೆ ನಾನು ತಿದ್ದಬೇಕಿದ್ದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳಿದ್ದವು. ಹನ್ನೆರಡನ್ನು ಮಲ್ಲಿ ನನಗಿಂತ ಮೊದಲೇ ತಿದ್ದಿದ್ದಳು, ಹಳದಿ ಶಾಯಿಯಲ್ಲಿ. ಅಲ್ಲಿಂದ ಸೋಫಾ, ಸೋಫಾದಿಂದ ನನ್ನ ಇಸ್ತ್ರಿ ಮಾಡಿದ ಅಂಗಿ!

"ಒರೆಸಿ," ಎಂದು ವಸುಮತಿ ಬಕೆಟ್ಟು ಮುಂದಿಟ್ಟಳು. "ಪ್ರೋಟೀನ್ ಎಲ್ಲಿಂದ ಬಂದ್ರೂ ಪ್ರೋಟೀನೇ ಅಲ್ದಾ?"

ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ಮಲ್ಲಿ ಮಂಚದಡಿ ಸೇರಿ ಕರೆದರೂ ಬರಲಿಲ್ಲ. ನೀರು ಮುಟ್ಟಲಿಲ್ಲ. ಎತ್ತಿಕೊಂಡರೆ ಒದ್ದೆ ಬಟ್ಟೆಯಂತೆ ಜೋತುಬಿದ್ದಳು. ವಸುಮತಿ ಚಪ್ಪಲಿ ಮೆಟ್ಟಿದಳು. ಆಟೋದಲ್ಲಿ ನನ್ನ ತೊಡೆಯ ಮೇಲೆ ಇನ್ನೊಂದು ಕಂತು ಬಿತ್ತು.

ಪಶುವೈದ್ಯೆ ಪೂರ್ಣಿಮಾ ಸೂಜಿ ಚುಚ್ಚಿ, ಚರ್ಮದಡಿ ದ್ರವ ಏರಿಸಿ, ನನ್ನ ಪಾಕದ ಪಟ್ಟಿ ಕೇಳಿದರು. ಹೇಳಿದೆ. ತುಪ್ಪದ ಒಗ್ಗರಣೆಗೆ ಬಂದಾಗ ಅವರ ಪೆನ್ನು ನಿಂತಿತು.

"ಸರ್, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣ ಆಗೂದಿಲ್ಲ. ಬೇಳೆಕಾಳಲ್ಲಿ ಬದುಕೋ ಹೊಟ್ಟೆಯೂ ಅಲ್ಲ ಅದು. ಮಾಂಸದಲ್ಲಿರೋ ಕೆಲವು ಅಂಶ ಇಲ್ಲದಿದ್ರೆ ಕಣ್ಣು, ಹೃದಯ ಎಲ್ಲಾ ಹಾಳಾಗ್ತದೆ. ಅದೂ ಒಂದೇ ದಿನದಲ್ಲಿ ಊಟ ಬದಲಾಯಿಸೂದಾ? ಒಂದು ವಾರ ಹಳೇದಕ್ಕೆ ಹೊಸದು ಸ್ವಲ್ಪ ಸ್ವಲ್ಪವೇ ಬೆರೆಸ್ಬೇಕು."

"ಈಗೇನು ಕೊಡಲಿ?"

"ಬೇಯಿಸಿದ ಮೀನು. ಉಪ್ಪು, ಖಾರ, ಎಣ್ಣೆ ಬೇಡ. ಮುಳ್ಳು ತೆಗೆದು ಕೊಡಿ. ಹುಷಾರಾದ ಮೇಲೆ ನಿಧಾನ ಪ್ಯಾಕೆಟ್ಟಿಗೇ ಬನ್ನಿ."

ಹೊರಬಂದ ಮೇಲೆ ವಸುಮತಿ ಹೇಳಿದ್ದು ಒಂದೇ ಮಾತು: "ಹೊರಗೆ ಒಲೆ ಹೂಡಿಕೊಡ್ತೆ. ತಪ್ಪು ಮಾಡಿದವರೇ ಮೀನು ತರಬೇಕು."

ಮೂರನೇ ದಿನಕ್ಕೆ ಮಲ್ಲಿ ಹುಷಾರಾಗಿ ಕಂಪೌಂಡ್ ಹಾರಿದಳು. ತಲೆ ಎತ್ತಲಾಗದೆ ಉಳಿದವನು ನಾನು. ಆ ಮೀನು ತಂದ ಕತೆ ಹಾಗಿದೆ.

ಕಾರವಾರದ ಮೀನು ಪೇಟೆಗೆ ಕಾಲಿಟ್ಟದ್ದು ಜನ್ಮದಲ್ಲಿ ಅದೇ ಮೊದಲು. ಮೂಗಿಗೆ ಕರವಸ್ತ್ರ, ತಲೆಗೆ ಹೆಲ್ಮೆಟ್! ಯಾರಿಗೂ ಗುರುತು ಸಿಗದೆಂದು ನೆಮ್ಮದಿಯಿಂದ ಮೂಲೆಯ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಹೋಯ್, ನಮ್ಮ ಹುಡ್ಗಿ ಪ್ರಗತಿ ಕಾಲೇಜಿನ ಹೆಗ್ಡೆ ಮಾಸ್ತರ್ರಲ್ವಾ?" ಎಂದಳು ಮೀನಿನವಳು. ಸುತ್ತಲಿನ ಆರು ಬುಟ್ಟಿಗಳು ನನ್ನತ್ತ ತಿರುಗಿದವು.

"ಬೆಕ್ಕಿಗೆ!" ಎಂದು ಕೂಗಿದೆ. "ನನಗಲ್ಲ, ಬೆಕ್ಕಿಗೆ!"

ಅವಳು ಸಮಾಧಾನ ಮಾಡುವವಳಂತೆ ದನಿ ತಗ್ಗಿಸಿದಳು. "ಹೆದ್ರಬೇಡ್ರಾ ಮಾಸ್ತರ್ರೆ. ಮೊದ್ಲ ಸಲ ಬರೋರೆಲ್ಲಾ ಬೆಕ್ಕಿಗೆ ಅಂತೇ ಹೇಳೂದು. ತುಂಡು ಸಾರಿಗ್ ಮಾಡ್ಲೋ, ಹುರೂಕ್ ಮಾಡ್ಲೋ?"