ಹೋಟೆಲಲ್ಲಿ ಮಲಗಿದವರು ಯಾರು?

ಸಭೆ ಅಂದಮೇಲೆ ಆಕಳಿಕೆ ಬರಬೇಕು. ಆದರೆ ಈ ಪರದೇಶದಲ್ಲಿ ನಮ್ಮ ಕನ್ನಡ ಕೂಟದವರು ಕಾಲಿಟ್ಟ ಸಭೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಶಾಲೆಯ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ನಮ್ಮ ರೊಟ್ಟಿ ಹಬ್ಬವನ್ನು ನದಿ ದಂಡೆಯ ಪಾರ್ಕಿಗೆ ತರಬೇಕೆಂಬುದು ನನ್ನ ಹಠ. ಅದಕ್ಕೆ ಊರಿನ ಹೋಟೆಲ್ ತೆರಿಗೆಯ ಹಣ ಕೇಳಲು ಹೊರಟ ದಿನದಿಂದ ಇಂಥವಕ್ಕೆ ಬರವಿಲ್ಲ.

ಯಾವ ಹೋಟೆಲ್ಲು?

ಕೂಟದಲ್ಲಿ ಸುದ್ದಿ ಹೇಳಿದ್ದೇ ತಡ, ಈಸ್ಟ್‌ಗೇಟ್ ಬಡಾವಣೆಯಿಂದ ಬರುವ ನಮ್ಮ ಖಜಾಂಚಿ ಹೌಹಾರಿದರು. "ಅಯ್ಯೋ ಮೇಡಂ, ಹೋಟೆಲ್‌ನಲ್ಲಿ ದೋಸೆ ತಿಂದ ಬಿಲ್ಲನ್ನೆಲ್ಲಾ ಬಿಸಾಕಿಬಿಟ್ಟಿದೀನಲ್ಲ!"

ಇದು ತಿನ್ನುವ ಹೋಟೆಲ್ ಅಲ್ಲ, ಮಲಗುವ ಹೋಟೆಲ್ ಎಂದು ವಿವರಿಸಿದೆ. ರೂಮಿನ ಬಾಡಿಗೆಯ ಮೇಲೆ ತೆರಿಗೆ. ಆ ಹಣವನ್ನು ಊರಿನವರು ಪ್ರವಾಸಿಗರನ್ನು ಕರೆತರುವ ಕೆಲಸಕ್ಕೇ ಬಳಸಬೇಕು.

ಧಾರವಾಡದ ನಮ್ಮ ಅತ್ತೆಗೆ ಒಪ್ಪಿಗೆಯಾಗಲಿಲ್ಲ. "ಹೋಟೆಲ್ ಅಂದ್ರ ತಿನ್ನೋದ ಬಿಡವಾ. ಮಲ್ಕೊಂಡಿದ್ದಕ್ಕ ಟ್ಯಾಕ್ಸ್ ಹಾಕೂದಾದ್ರ ನನ್ನ ಮಗಾ ಭಾಳ ಕಟ್ಟಬೇಕಾಗ್ತದ!"

ಗುಂಡಿ ಪ್ರವಾಸೋದ್ಯಮ

ನಮ್ಮದು ಟಕ್ವಿಲಾ ಪಕ್ಕದ ಪುಟ್ಟ ಊರು. ಈ ತೆರಿಗೆ ಹಣ ಹಂಚುವ ಸಮಿತಿಯಲ್ಲಿ ಒಬ್ಬ ಅಧ್ಯಕ್ಷೆ, ಹೋಟೆಲಿನವರ ಪರವಾಗಿ ಒಬ್ಬ ಮ್ಯಾನೇಜರ್, ಇನ್ನೂ ಕೆಲವರು. ನಾನೂ ಅತ್ತೆಯೂ ಅರ್ಜಿ ಹಿಡಿದು ಸಭೆಗೆ ಹೋದ ದಿನ, ನಮಗಿಂತ ಮುಂಚೆ ಎದ್ದವನೊಬ್ಬ ತನ್ನ ಬೀದಿಯ ಗುಂಡಿ ಮುಚ್ಚಲು ಹಣ ಕೇಳಿದ.

"ರಸ್ತೆ ರಿಪೇರಿಗೆ ಈ ಹಣ ಕೊಡೋ ಹಾಗಿಲ್ಲ. ಗುಂಡಿಗೂ ಪ್ರವಾಸಿಗರಿಗೂ ಏನು ಸಂಬಂಧ?" ಎಂದರು ಅಧ್ಯಕ್ಷೆ.

"ಆ ಗುಂಡೀಲಿ ಕಾರು ಕೆಟ್ಟವರೆಲ್ಲ ರಾತ್ರಿ ಇಲ್ಲೇ ಹೋಟೆಲ್‌ನಲ್ಲಿ ಉಳೀತಾರಲ್ಲ!"

ಮ್ಯಾನೇಜರ್ ಗಾಬರಿಯಿಂದ ತಲೆಯೆತ್ತಿದ. "ಹಾಗಾದರೆ ಅದನ್ನ ಮುಚ್ಚೋದು ಯಾಕೆ?"

ಮೇಜಿನ ಮೇಲೆ ಜೋಳದ ಹಿಟ್ಟು

"ಒಂದು ರೊಟ್ಟಿ ನೋಡೋಕೆ ದೂರದ ಊರುಗಳಿಂದ ಜನ ಬರ್ತಾರಾ?" ಎಂದು ನಮ್ಮ ಸರದಿ ಬಂದಾಗ ಅಧ್ಯಕ್ಷೆ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಚೀಲದಿಂದ ನಾದಿದ ಹಿಟ್ಟು ತೆಗೆದು ಸಮಿತಿಯ ಮೇಜಿನ ಮೇಲೇ ರೊಟ್ಟಿ ಬಡಿಯಲು ಶುರುಮಾಡಿದರು. ಆ ಪಟಪಟ ಸದ್ದಿಗೆ ಪಕ್ಕದ ಕೋಣೆಯ ಸಭೆ ಎದ್ದು ಬಂದು ಬಾಗಿಲಲ್ಲಿ ನಿಂತಿತು. ಹಿಟ್ಟು ಚಂದ್ರನಂತೆ ಗುಂಡಗೆ ಹರಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು.

ಹಣ ಮಂಜೂರಾಯಿತು. ಮತ್ತೆ ಚಪ್ಪಾಳೆ ಬಿದ್ದದ್ದು ಯಾಕೆಂದು ಇಂಗ್ಲಿಷ್ ಬಾರದ ಅತ್ತೆ ಕೇಳಿದರು. ಹೇಳಿದೆ. "ಹಸೀ ರೊಟ್ಟಿಗೇ ಇಷ್ಟು ಕೊಟ್ರಾ? ಬೇಯಿಸಿದ್ರ ಊರ ಬರದು ಕೊಡ್ತಿದ್ರು!"

ಲೆಕ್ಕ ಒಪ್ಪಿಸಿದ ದಿನ

ಹಬ್ಬ ಜೋರಾಯಿತು. ದೂರದ ಪೋರ್ಟ್‌ಲ್ಯಾಂಡ್, ಸ್ಪೋಕೇನ್, ವ್ಯಾಂಕೂವರ್‌ನಿಂದ ಜನ ಬಂದರು. ಎಣ್ಣೆಗಾಯಿಗೆ ನಿಂತ ಸಾಲು ನದಿಯ ಸೇತುವೆ ದಾಟಿತ್ತು.

ಆಮೇಲೆ ಸಮಿತಿ ನಮ್ಮನ್ನು ಕರೆಯಿತು. ಮುಂದಿನ ವರ್ಷ ಪಾರ್ಕು ಸಿಗುವುದೋ, ಮತ್ತೆ ನೆಲಮಾಳಿಗೆಯೋ ಎಂಬುದು ಅಂದೇ ತೀರ್ಮಾನ. "ರೂಮೆಲ್ಲ ಭರ್ತಿ!" ಎಂದು ಮ್ಯಾನೇಜರ್ ನಗುತ್ತಿದ್ದ.

"ದೂರದಿಂದ ಬಂದವರೆಲ್ಲ ಹೋಟೆಲ್‌ನಲ್ಲೇ ಉಳಿದರು ತಾನೇ?" ಎಂದರು ಅಧ್ಯಕ್ಷೆ.

ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ಇಲ್ಲ, ಅವರೆಲ್ಲ ನಮ್ಮ ಮನೆಗಳಲ್ಲಿ ಉಳಿದರು." ಹಬ್ಬದ ಹಿಂದಿನ ದಿನವೇ ಅತ್ತೆ ಕೂಟದವರೆಲ್ಲರಿಗೂ ಫೋನ್ ಮಾಡಿದ್ದರು: "ಮನಿ ಇಟಗೊಂಡು ಮಂದೀನ ಹೋಟೆಲ್‌ಗೆ ಕಳಸ್ತೀರೇನು? ನಾಚಿಕಿ ಬರೂದಿಲ್ಲಾ?"

"ಹಾಗಾದರೆ ಹೋಟೆಲ್‌ನಲ್ಲಿ ಮಲಗಿದವರು ಯಾರು?"

"ನಾವು," ಎಂದೆ. "ಮನೆ ತುಂಬ ನೆಂಟರು, ನಮಗೆ ಕಾಲು ಚಾಚಲೂ ಜಾಗ ಇರಲಿಲ್ಲ. ಬೀಗದ ಕೈ ಅವರಿಗೆ ಕೊಟ್ಟು ನಾವು ಹೋಟೆಲಿಗೆ ಹೋದೆವು."

ಸಮಿತಿಯ ಗುಮಾಸ್ತೆ ಯಾರು ಪ್ರವಾಸಿಗರೆಂಬ ನಿಯಮ ತೆಗೆದು ಓದಿದಳು: ದೂರದ ಊರಿಂದ ಬಂದವರು ಎಲ್ಲಿ ಮಲಗಿದರೂ ಲೆಕ್ಕಕ್ಕೆ ಬರುತ್ತಾರೆ; ತಮ್ಮ ಮನೆ ಬಿಟ್ಟು, ಹಣ ತೆತ್ತು ತಂಗಿದವರೂ ಬರುತ್ತಾರೆ. ಅವರ ಮನೆ ಎಷ್ಟು ದೂರವಿರಬೇಕೆಂದು ಆ ಸಾಲಿನಲ್ಲಿ ಇರಲಿಲ್ಲ.

"ಅಂದರೆ ನೆಂಟರೂ ಪ್ರವಾಸಿಗರು, ಮನೆಯವರೂ ಪ್ರವಾಸಿಗರು!" ಎಂದು ಅಧ್ಯಕ್ಷೆ ಬಿದ್ದು ಬಿದ್ದು ನಕ್ಕರು. ಪಾರ್ಕು ನಮ್ಮದಾಯಿತು.

ಕಾರಿನಲ್ಲಿ ಕೂತು ಅತ್ತೆಗೆ ಎಲ್ಲ ಹೇಳಿದೆ. "ಮುಂದಿನ ವರ್ಷಾನೂ ಅದೇ ಹೋಟೆಲ್‌ಗೆ ಹೋಗೂಣವಾ," ಎಂದರು. "ಮುಂಜಾನೆ ನಾಷ್ಟಾ ಪುಕ್ಕಟ ಕೊಟ್ರು ನೋಡು. ನಾ ಮೊದಲ ಹೇಳಿದ್ನಿಲ್ಲೋ, ಹೋಟೆಲ್ ಅಂದ್ರ ತಿನ್ನೋದ!"