ಅಪ್ಪನಿಗೆ ನಲವತ್ತೇ ನಿಮಿಷ

ಒಂದು ಬೋಲ್ಟ್ ಬಿಗಿಯಲು ಎಷ್ಟು ಸೆಕೆಂಡು ಬೇಕೆಂದು ಅಳೆದು ಹೇಳುವುದೇ ನನ್ನ ಉದ್ಯೋಗ. ಕಾರ್ಖಾನೆಯಲ್ಲಿ ನನ್ನ ಅಡ್ಡಹೆಸರು ‘ಸ್ಟಾಪ್‌ವಾಚ್’. ಅಂಥ ನನಗೆ ಅಪ್ಪನ ಆರೈಕೆ ಯಾವ ಮಹಾ ಕೆಲಸ!

ಲಕ್ವ ಹೊಡೆದು ಅಪ್ಪನ ಎಡಗೈ ಬಿದ್ದುಹೋಗಿ ನಾಲ್ಕು ವರ್ಷ. ಅವರನ್ನು ನೋಡಿಕೊಳ್ಳುತ್ತಿರುವವಳು ನನ್ನ ಹೆಂಡತಿ. ಈಗ ಅವಳಿಗೆ ಶಾಲೆಯ ಲೈಬ್ರರಿಯಲ್ಲಿ ಬೆಳಗಿನ ಕೆಲಸವೊಂದು ಸಿಗುವಂತಿತ್ತು.

“ಸೇರ್ಕೋ! ಮುಖ ತೊಳೆಸೋದು, ಮಾತ್ರೆ, ತಿಂಡಿ, ಅಂಗಿ. ಒಟ್ಟು ನಲವತ್ತು ನಿಮಿಷ. ಮುಗಿಸಿ ಆಫೀಸಿಗೆ ಹೋಗ್ತೀನಿ,” ಎಂದೆ.

“ಹೌದಾ? ಇವತ್ತೇ ಇಂಟರ್‌ವ್ಯೂ. ಮಾಡಿ ತೋರಿಸಿ,” ಎಂದವಳೇ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಬಚ್ಚಲು ಮುಟ್ಟುವುದರೊಳಗೆ ಹದಿನೆಂಟು ನಿಮಿಷ ಖರ್ಚಾಯಿತು. ಏಳು ಮಾತ್ರೆಗಳಲ್ಲಿ ಮೂರು ಮಂಚದಡಿ ಉರುಳಿದವು. ನಾನೂ ಮಂಚದಡಿ ಉರುಳಿದೆ. ಕೊನೆಗೆ ಅಂಗಿ. ಚೆನ್ನಾಗಿರುವ ಬಲಗೈಯನ್ನು ಸರ್ರನೆ ತೂರಿಸಿದೆ. ಎಡಗೈ ಹಿಂದಕ್ಕೆ ಬಾಗಲೊಲ್ಲದು! ತಲೆ ಮೇಲಿಂದ ಎಳೆದೆ. ಅಂಗಿ ಅತ್ತ ಹಾಕಲೂ ಆಗಲಿಲ್ಲ, ಇತ್ತ ಬಿಚ್ಚಲೂ ಆಗಲಿಲ್ಲ. ಅಪ್ಪನ ಮುಖ ಒಳಗೆ ಮಾಯ.

“ಅವಳು ಬಿದ್ದ ಕೈನ ಮೊದಲು ಹಾಕ್ತಾಳೆ ಕಣೋ!” ಅಂಗಿಯೊಳಗಿನಿಂದ ದನಿ ಬಂತು.

“ಮೊದಲೇ ಹೇಳಬಾರದಿತ್ತಾ?”

“ನೀನೆಲ್ಲಿ ಬಾಯಿ ಮುಚ್ಚಿದೆ?”

ಕತ್ತರಿ ತಂದು ಅಂಗಿ ಕತ್ತರಿಸಿ ಅಪ್ಪನನ್ನು ಬಿಡುಗಡೆ ಮಾಡುವಾಗ ಗಂಟೆ ಹನ್ನೊಂದು. ಆಫೀಸಿಗೆ ರಜೆ ಹೇಳಿದೆ. ಆರೈಕೆಗೆ ಜನ ಕಳಿಸುವ ಏಜೆನ್ಸಿಗೆ ಫೋನ್ ಮಾಡಿ ಅಪ್ಪನ ಇಡೀ ದಿನದ ಕೆಲಸಗಳ ಪಟ್ಟಿ ಹೇಳಿದೆ.

“ಇಬ್ಬರು ಬೇಕು ಸಾರ್, ಪಾಳಿ ಮೇಲೆ,” ಎಂದಳು ಅಲ್ಲಿನ ಹೆಂಗಸು. ಅವಳು ಹೇಳಿದ ತಿಂಗಳ ಮೊತ್ತ ನನ್ನ ಸಂಬಳಕ್ಕಿಂತ ಜಾಸ್ತಿ ಇತ್ತು! “ಈಗ ಯಾರು ಮಾಡ್ತಿದಾರೆ?”

“ನನ್ನ ಹೆಂಡತಿ.”

“ಒಬ್ಬರೇನಾ! ನಮ್ಮಲ್ಲಿ ಕೆಲಸಕ್ಕೆ ಬರ್ತಾರಾ, ಕೇಳಿ ಸಾರ್!”

ಫೋನಿಟ್ಟೆ. ಹೆಂಡತಿ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ “ಏನಿಲ್ಲ, ಮನೇಲಿದಾಳೆ” ಎನ್ನುತ್ತಿದ್ದವನು ನಾನು. ನಿಜಕ್ಕೂ ನಾಚಿಕೆಯಾಯಿತು.

ಮಧ್ಯಾಹ್ನ ಅವಳು ನಗುತ್ತಾ ಬಂದಳು. “ಸೋಮವಾರದಿಂದ ಬರೋಕೆ ಹೇಳಿದಾರೆ!” ಅಂಗಿಯ ಚೂರು ಕಂಡು ನಗು ನಿಂತಿತು. “ಬೇಡ ಬಿಡಿ. ಆಗಲ್ಲ ಅಂತ ಹೇಳಿಬಿಡ್ತೀನಿ.”

“ಹೇಳಬೇಡ! ಬೆಳಗಿನ ಹೊತ್ತಿಗೆ ಒಬ್ಬರನ್ನ ಇಟ್ಕೊಳ್ಳೋಣ. ನನ್ನ ಸಂಬಳದಲ್ಲೇ ಕೊಡ್ತೀನಿ,” ಎಂದೆ.

ಅಪ್ಪ ಸೊಸೆಯನ್ನು ಹತ್ತಿರ ಕರೆದರು.

“ಇಬ್ಬರನ್ನ ಇಡು ಕಣಮ್ಮ. ನನಗೊಬ್ಬರು, ಇವನಿಗೊಬ್ಬರು!”